ಗಂಡ ಬೇಕು ಅಂತ ಹಟ ಹಿಡಿದ ನಟಿ

"ಸೀರಿಯಲ್‌ನಲ್ಲಿ ನನಗೊಬ್ಬ ಗಂಡ ಇರಲೇಬೇಕು, ಇಲ್ಲದಿದ್ದರೆ ನಾನು ಬರಲ್ಲ ಅಂತ ಹಟ ಹಿಡಿದ ನಟಿ ಗೊತ್ತಾ?" ಅಂದಳು ವನಜ.

"ಗಂಡ ಬೇಡ ಅನ್ನೋರು ಗೊತ್ತು. ನಮ್ಮ ಮನೆಯಲ್ಲೇ ಒಬ್ಬರಿದ್ದಾರೆ," ಅಂದ ಗಿರಿ.

"ಅಮೆರಿಕದ ಎಸ್ತರ್ ರೋಲ್ ಕಣೋ. ಕಪ್ಪು ವರ್ಣೀಯ ನಟಿ. 'ಮಾಡ್' ಅನ್ನೋ ಸೀರಿಯಲ್‌ನಲ್ಲಿ ಬಿಳಿಯರ ಮನೆಕೆಲಸದವಳಾಗಿದ್ದಳು. ಒಡತಿಗೇ ಎದುರುತ್ತರ ಕೊಡುವ ಪಾತ್ರ. ಜನಕ್ಕೆ ಹಿಡಿಸಿತು. 1974ರಲ್ಲಿ ಆ ಪಾತ್ರಕ್ಕೇ 'ಗುಡ್ ಟೈಮ್ಸ್' ಅಂತ ಬೇರೆ ಸೀರಿಯಲ್ ಮಾಡಿದರು. ಷಿಕಾಗೋದ ಬಡವರ ವಸತಿ, ತಾಯಿ, ಮೂರು ಮಕ್ಕಳು. ಅಪ್ಪನೇ ಇಲ್ಲ!"

"ಎಲ್ಲಿ ಹೋಗಿದ್ದ?"

"ಕಥೆಯಲ್ಲೇ ಇಟ್ಟಿರಲಿಲ್ಲ. ಇವಳು ಬಿಡಲಿಲ್ಲ. ಕೊನೆಗೆ ಜಾನ್ ಏಮಸ್‌ನ ಕರೆತಂದರು."

ಸೀನನಿಗೆ ಸುಮ್ನೆ ಕೂತು ಅಭ್ಯಾಸ ಇಲ್ಲ. "ಅವನು ಹಳೇ ಸೀರಿಯಲ್‌ನಲ್ಲೂ ಅವಳ ಗಂಡನೇ. ಅಲ್ಲಿ ಹೆನ್ರಿ, ಬೆಂಕಿ ಆರಿಸೋ ಕೆಲಸ. ಇಲ್ಲಿ ಜೇಮ್ಸ್, ಸಿಕ್ಕಿದ ಕೆಲಸ."

"ಹೆಸರು ಬದಲು, ಊರು ಬದಲು, ಹೆಂಡತಿ ಮಾತ್ರ ಅದೇ. ಪಾಪ," ಅಂದ ಗಿರಿ.

ವನಜ ಅವನನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. "ದೊಡ್ಡ ಮಗ ಜೇಜೆಯನ್ನು ಬರೀ ಕೋಡಂಗಿ ಮಾಡ್ತಿದ್ದೀರಿ ಅಂತ ಏಮಸ್ ಜಗಳ ತೆಗೆದ. ಕೆಲಸದಿಂದ ತೆಗೆದರು. 1976ರಲ್ಲಿ ಕಥೆಯಲ್ಲಿ ಅಪಘಾತ ಮಾಡಿಸಿ ಮುಗಿಸಿದರು. ಜೇಜೆಯ ವಿಷಯಕ್ಕೆ ರೋಲ್‌ಗೂ ಅದೇ ಸಿಟ್ಟು. 1977ರಲ್ಲಿ ಅವಳೂ ಹೊರಟಳು. ಮರುವರ್ಷ ಷರತ್ತು ಹಾಕಿ ವಾಪಸ್ ಬಂದಳು."

ನನಗೆ ಇಷ್ಟವಾಗಿದ್ದು ಇದೇ. ಬಾಡಿಗೆ ಕಟ್ಟೋಕೆ ಒದ್ದಾಡುವ ಮನೆ ತೋರಿಸಿ, ಪರವಾಗಿಲ್ಲ. ಆದರೆ ಆ ಮನೆಗೆ ಅಪ್ಪ ಇರಲಿ, ಮಗ ನಗೆಪಾಟಲಾಗದಿರಲಿ. ಅವಳು ಕೇಳಿದ್ದು ಇಷ್ಟೇ ಅಲ್ವಾ? ಸಂಬಳ ಜಾಸ್ತಿ ಕೇಳಿದ್ದರೆ ಬೇಗ ಒಪ್ಪುತ್ತಿದ್ದರೇನೋ.

"1968ರಲ್ಲಿ 'ಜೂಲಿಯಾ' ಸೀರಿಯಲ್ ಬಂದಿತ್ತಲ್ಲ," ಅಂದ ಸೀನ. "ಕಪ್ಪು ನಟಿ ಡಯಾನ್ ಕ್ಯಾರಲ್‌ಗೆ ನರ್ಸ್ ಪಾತ್ರ. ಮನೆಕೆಲಸದವಳಲ್ಲ. ಚೆಂದದ ಮನೆ, ಚೆಂದದ ಬಟ್ಟೆ."

"ಗಂಡ?"

"ವಿಯೆಟ್ನಾಂ ಯುದ್ಧದಲ್ಲಿ ತೀರಿಹೋಗಿದ್ದ."

"ಒಟ್ಟು ಗಂಡಂದಿರಿಗೆ ಆ ಟೀವಿಯಲ್ಲಿ ಆಯಸ್ಸಿಲ್ಲ ಬಿಡು."

"ಅದಕ್ಕೂ ಬೈಗುಳ ಬಿತ್ತು. ಕಪ್ಪು ಜನರ ಬದುಕು ಇಷ್ಟು ನುಣುಪಾಗಿದೆಯಾ ಅಂತ."

ಬಡತನ ತೋರಿಸಿದರೂ ಬೈಗುಳ, ತೋರಿಸದಿದ್ದರೂ ಬೈಗುಳ. ಇಡೀ ಜನಾಂಗಕ್ಕೆ ಒಂದೇ ಸೀರಿಯಲ್ ಕೊಟ್ಟರೆ ಅದು ಎಷ್ಟು ಅಂತ ಹೊರಬೇಕು?

"ರೋಲ್‌ಗೆ ಪ್ರಶಸ್ತಿ ಏನಾದರೂ ಬಂತಾ?" ಕೇಳಿದೆ.

"1979ರಲ್ಲಿ ಎಮ್ಮಿ ಬಂತು. ಒಂದು ಟೀವಿ ಸಿನಿಮಾಕ್ಕೆ." ವನಜ ನಕ್ಕಳು. "ಯಾವ ಪಾತ್ರ ಹೇಳು."

"ಮತ್ತೆ ಮನೆಕೆಲಸದವಳಾ?"

"ಮತ್ತೆ ಅದೇ!"

"ಡ್ರಾಮಾ ಸೀರಿಯಲ್‌ನ ನಾಯಕಿ ಎಮ್ಮಿ ಮೊದಲ ಸಲ ಕಪ್ಪು ನಟಿಗೆ ಸಿಕ್ಕಿದ್ದು 2015ರಲ್ಲಿ, ವಯೋಲಾ ಡೇವಿಸ್‌ಗೆ," ಅಂದ ಸೀನ. "ಪಾತ್ರವೇ ಇಲ್ಲದಿದ್ದರೆ ಪ್ರಶಸ್ತಿ ಎಲ್ಲಿಂದ ಬರುತ್ತೆ ಅಂತ ವೇದಿಕೆ ಮೇಲೇ ಹೇಳಿದಳು. ಕಾಮಿಡಿಯಲ್ಲಿ 1981ರಲ್ಲೇ ಇಸಬೆಲ್ ಸ್ಯಾನ್‌ಫರ್ಡ್ ಗೆದ್ದಿದ್ದಳು. ಆಮೇಲೆ ಕ್ವಿಂಟಾ ಬ್ರನ್ಸನ್. 2024ರಲ್ಲಿ."

"ಅಷ್ಟರಲ್ಲಿ ನಾನು ಹುಟ್ಟಿ, ಓದಿ, ಬುದ್ಧಿವಂತನಾಗಿ, ತಲೆಯೂ ಬೋಳಾಯಿತು," ಅಂದ ಗಿರಿ.

"ತಲೆ ಒಂದು ಒಪ್ಪಿದೆ," ಅಂದಳು ವನಜ.