ಚಿರತೆ ಸರಿದುಹೋಗುತ್ತದೆ, ಪುಟ್ಟ ಮೀನು ಏರಿ ಬರುತ್ತದೆ: ಏಕೆ?

ಪ್ರಶ್ನೆ (ಶಿರಸಿಯಿಂದ):
ಮುರುಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೆ ಹೋಗಿ ನೀರಿಗಿಳಿದಿದ್ದಾಗ, ಗೇಣುದ್ದವೂ ಇಲ್ಲದ, ನೀಲಿ ಛಾಯೆಯ ಮೈಮೇಲೆ ಕಪ್ಪು ಪಟ್ಟೆಗಳಿದ್ದ ಮೀನೊಂದು ಬಂಡೆಯ ಬಳಿಯಿಂದ ನೇರವಾಗಿ ನನ್ನ ಮುಖದತ್ತ ನುಗ್ಗಿತು. ಹಿಂದೆ ಸರಿದು ಮತ್ತೆ ನುಗ್ಗಿತು. ಅದು ಕಾಯುತ್ತಿದ್ದ ಬಂಡೆಯ ಮೇಲೆ ಅಂಗೈಯಗಲದ ನೇರಳೆ ಕಲೆಯಿತ್ತು. ನಮ್ಮ ಕಡೆ ಅಡಿಕೆ ತೋಟದ ಅಂಚಿಗೆ ಬರುವ ಚಿರತೆಯಾದರೋ ಮನುಷ್ಯರ ಸದ್ದು ಕೇಳಿದೊಡನೆ ಸರಿದುಬಿಡುತ್ತದೆ. 50 ಕಿಲೋ ತೂಗಬಲ್ಲ ಬೇಟೆಗಾರನಿಗಿಲ್ಲದ ಧೈರ್ಯ ಈ ಮೀನಿಗೆ ಎಲ್ಲಿಂದ ಬಂತು? ಅಥವಾ ಇವೆರಡನ್ನು ಹೋಲಿಸುವುದೇ ಸರಿಯಲ್ಲವೋ?

ಉತ್ತರ (ಕಾರವಾರದಿಂದ):
ಹೋಲಿಸಬಹುದು; ಆದರೆ ಗಾತ್ರವನ್ನಲ್ಲ, ಎರಡೂ ಕಾಯುವ ಜಾಗವನ್ನು. ನೀವು ಕಂಡದ್ದು ಬಹುಶಃ ಸಾರ್ಜೆಂಟ್ ಮೇಜರ್ ಎಂಬ ಡ್ಯಾಮ್ಸೆಲ್ ಜಾತಿಯ ಗಂಡು ಮೀನು. ಸಾಮಾನ್ಯವಾಗಿ ಅದರ ಬೆನ್ನು ಹಳದಿ, ಮೈಮೇಲೆ ಐದು ಕಪ್ಪು ಪಟ್ಟೆ. ಮೊಟ್ಟೆ ಕಾಯುವ ಕಾಲಕ್ಕೆ ಗಂಡು ನೀಲಿಗೆ ತಿರುಗುತ್ತದೆ. ನೇರಳೆ ಕಲೆ ಎಂದಿರಲ್ಲ, ಅದು ಬಂಡೆಗೆ ಅಂಟಿಸಿದ ಸಾವಿರಾರು ಮೊಟ್ಟೆಗಳ ಹಾಸು. ಹೆಣ್ಣು ಇಟ್ಟು ಹೋಗುತ್ತದೆ. ರೆಕ್ಕೆ ಬೀಸಿ ನೀರಾಡಿಸುವುದು, ಕೆಟ್ಟ ಮೊಟ್ಟೆಗಳನ್ನು ಕಿತ್ತೆಸೆಯುವುದು, ಹತ್ತಿರ ಸುಳಿದವರನ್ನು ಅಟ್ಟುವುದು ಎಲ್ಲವೂ ಗಂಡಿನ ಪಾಲು. ಅಂಗಳದ ನಡುವೆ ನಿಂತವನಿಗೆ ನಾಲ್ಕು ಮೂಲೆಯೂ ಕಾಣುವಂತೆ ತನ್ನ ಆಸ್ತಿಯಷ್ಟೂ ಅದರ ಕಣ್ಣೆದುರೇ ಇರುವುದರಿಂದ, ಒಳಬಂದವರನ್ನು ಕ್ಷಣದಲ್ಲಿ ಗುರುತಿಸಿ ಎರಗಬಲ್ಲದು, ಮತ್ತು ಆ ಎರಗುವಿಕೆಗೆ ತಗಲುವ ಖರ್ಚೂ ಅಲ್ಪ.

ಉತ್ತರ (ಜೋಯಿಡಾದಿಂದ):
ಚಿರತೆಯ ಲೆಕ್ಕ ಇದಕ್ಕೆ ವಿರುದ್ಧ. ಕಾಳಿ ಹುಲಿ ಸಂರಕ್ಷಿತ ಪ್ರದೇಶದಂಥ ಕಾಡಿನಲ್ಲಿ ಒಂದು ಗಂಡು ಚಿರತೆಯ ಓಡಾಟದ ನೆಲ ಹತ್ತಾರು ಚದರ ಕಿಲೋಮೀಟರ್ ಇರಬಹುದು. ಅಷ್ಟನ್ನು ಕಣ್ಣಿಟ್ಟು ಕಾಯುವುದು ಯಾರಿಂದಲೂ ಆಗದು. ಆದ್ದರಿಂದಲೇ ಅದು ಮರದ ಬುಡಕ್ಕೆ ಮೂತ್ರ ಸಿಂಪಡಿಸುತ್ತದೆ, ಹಿಂಗಾಲಿನಿಂದ ನೆಲ ಕೆರೆಯುತ್ತದೆ, ಕಾಂಡದ ಮೇಲೆ ಉಗುರಿನ ಗೀರು ಬಿಡುತ್ತದೆ. ಇನ್ನೊಂದು ಚಿರತೆ ಆ ವಾಸನೆಯಿಂದಲೇ ಮಾಲೀಕನ ಇರವನ್ನು ತಿಳಿದು ದಾರಿ ಬದಲಿಸಿದರೆ ಕಾದಾಟವೇ ತಪ್ಪಿತು. ಒಂಟಿಯಾಗಿ ಬೇಟೆಯಾಡುವ ಪ್ರಾಣಿಗೆ ಮುಂಗಾಲಿನ ಒಂದು ಆಳವಾದ ಗಾಯವೂ ಉಪವಾಸಕ್ಕೆ ದಾರಿ, ಏಕೆಂದರೆ ಅದಕ್ಕೆ ತಂದುಕೊಡುವವರು ಯಾರೂ ಇಲ್ಲ. ನೀವು ಹೇಡಿತನವೆಂದು ಭಾವಿಸಿದ್ದು ನನ್ನ ಅಭಿಪ್ರಾಯದಲ್ಲಿ ಜಾಣತನ.

ಪ್ರಶ್ನೆ ಕೇಳಿದವರು:
ಹಾಗಾದರೆ ಮರಿಗಳಿರುವ ಚಿರತೆ ಆ ಮೀನಿನಂತೆಯೇ ಎರಗುತ್ತದೆಯೇ?

ಉತ್ತರ (ಜೋಯಿಡಾದಿಂದ):
ಎರಗಬಹುದು, ಹಾಗಾಗಿ ಮರಿ ಕಂಡಲ್ಲಿ ಮುಂದೆ ಹೋಗಬಾರದು. ಆದರೂ ಅದರ ಮೊದಲ ಉಪಾಯ ಅಡಗಿಸುವುದೇ: ಬಂಡೆಸಂದಿಯಲ್ಲೋ ದಟ್ಟ ಪೊದೆಯಲ್ಲೋ ಇಟ್ಟು, ಆಗಾಗ ಜಾಗ ಬದಲಿಸುತ್ತದೆ. ಒಂದು ಸೂಲಿಗೆ ಸಾಮಾನ್ಯವಾಗಿ ಎರಡು ಮೂರು ಮರಿ, ಸಾಕುವವಳು ತಾಯಿಯೊಬ್ಬಳೇ, ಅದೂ ಒಂದೂವರೆ ವರ್ಷದಷ್ಟು ಕಾಲ. ಅವಳು ಸತ್ತರೆ ಸಣ್ಣ ಮರಿಗಳೂ ಉಳಿಯುವುದಿಲ್ಲ.

ಉತ್ತರ (ಕಾರವಾರದಿಂದ):
ಮೀನಿನ ಕಾವಲು ಕೆಲವೇ ದಿನಗಳದ್ದು. ಮೊಟ್ಟೆಯೊಡೆದ ಮರಿಗಳು ಪ್ರವಾಹದೊಡನೆ ತೇಲಿಹೋಗುತ್ತವೆ, ತಂದೆ ಅವನ್ನು ಮತ್ತೆ ಗುರುತಿಸುವುದೂ ಇಲ್ಲ. ಕೆಲವೊಮ್ಮೆ ಕಾಯುತ್ತಲೇ ಒಂದಷ್ಟು ಮೊಟ್ಟೆಗಳನ್ನು ತಾನೇ ತಿನ್ನುವುದೂ ಉಂಟು. ಧೈರ್ಯವೆಂದು ಹೊಗಳುವ ಮುನ್ನ ಇದನ್ನೂ ಲೆಕ್ಕಕ್ಕೆ ಹಿಡಿಯಬೇಕು. ನೇತ್ರಾಣಿಯಲ್ಲಿ ಮತ್ತೆ ಅಂಥ ನೇರಳೆ ಕಲೆ ಕಂಡರೆ ಚಿತ್ರ ತೆಗೆಯಲು ಅಲ್ಲೇ ನಿಲ್ಲಬೇಡಿ. ಅದು ನಿಮ್ಮನ್ನು ಅಟ್ಟುವುದರಲ್ಲಿ ತೊಡಗಿದ್ದಾಗ, ಸುತ್ತ ಹೊಂಚುತ್ತಿರುವ ರಾಸ್ ಮೀನುಗಳು ನುಗ್ಗಿ ಮೊಟ್ಟೆಗಳನ್ನು ತಿಂದು ಮುಗಿಸುತ್ತವೆ.