ಹಿಮಕುಸಿತದ ಸುರಕ್ಷತೆ: ಮೊದಲು ಏನನ್ನು ಕಲಿಯಬೇಕು?

ಪ್ರಶ್ನೆ
ಮೂರು ಚಳಿಗಾಲ ರೆಸಾರ್ಟಿನ ಹದಗೊಳಿಸಿದ ಇಳಿಜಾರುಗಳಲ್ಲಿ ಸ್ನೋಬೋರ್ಡ್ ಮಾಡಿದ ಬಳಿಕ ಈ ವರ್ಷ, ಬೆಟ್ಟ ಹತ್ತಲು ಉದ್ದಕ್ಕೆ ಎರಡಾಗಿ ಬೇರ್ಪಡಿಸಬಹುದಾದ ಸ್ಪ್ಲಿಟ್‌ಬೋರ್ಡ್ ಕೊಂಡಿದ್ದೇನೆ. ಸ್ಕೀ ಮಾಡುವ ಇಬ್ಬರು ಗೆಳೆಯರೊಡನೆ ಲಿಫ್ಟುಗಳಾಗಲಿ ಕಾವಲಾಗಲಿ ಇಲ್ಲದ ಬೆಟ್ಟಗಳಿಗೆ ಹೋಗುವ ಆಸೆಯಿದೆ. ಟ್ರಾನ್ಸೀವರ್ (ಹಿಮದಡಿ ಹೂತವರನ್ನು ಸಂಕೇತದಿಂದ ಪತ್ತೆಹಚ್ಚುವ ಸಾಧನ), ಪ್ರೋಬ್ (ಹಿಮದೊಳಗೆ ಚುಚ್ಚಿ ಹುಡುಕುವ ಉದ್ದ ಕೋಲು), ಸಲಿಕೆ ಮೂರೂ ಮೂವರ ಬಳಿಯೂ ಇವೆ. ಅವುಗಳ ಬಳಕೆಯನ್ನು ವಿಡಿಯೊ ನೋಡಿ ತಿಳಿದುಕೊಂಡಿದ್ದೇವೆ. ಆದರೆ ಹಿಮದ ಪದರಗಳ ಬಗ್ಗೆ ಓದಲು ಕುಳಿತರೆ ಎಲ್ಲಿಂದ ಆರಂಭಿಸಬೇಕೆಂಬುದೇ ತೋಚುವುದಿಲ್ಲ. ತರಬೇತಿಗೆ ಸೇರುವ ಮೊದಲು ಯಾವುದಕ್ಕೆ ಗಮನ ಕೊಡಬೇಕು?

ಉತ್ತರ 1
ಹಿಮದಲ್ಲಿ ಗುಂಡಿ ತೋಡಿ ಪದರಗಳನ್ನು ಪರೀಕ್ಷಿಸುವುದರಿಂದ ದಯವಿಟ್ಟು ಆರಂಭಿಸಬೇಡಿ. ಒಂದು ಗುಂಡಿಯಲ್ಲಿ ಕಂಡದ್ದು ಇಪ್ಪತ್ತು ಹೆಜ್ಜೆಗಳಾಚೆ ನಿಜವಾಗಿರಬೇಕೆಂದಿಲ್ಲ. ಮೊದಲು ಇಳಿಜಾರಿನ ಕೋನವನ್ನು ಅಳೆಯಲು ಕಲಿಯಿರಿ. ಜೀವ ತೆಗೆಯುವ ಹಿಮಕುಸಿತಗಳಲ್ಲಿ ಹೆಚ್ಚಿನವು ಗಟ್ಟಿ ಹಾಸಿನ ಕುಸಿತಗಳು: ಸಕ್ಕರೆಯ ಹರಳಿನಂತೆ ಒಂದಕ್ಕೊಂದು ಅಂಟದ ದುರ್ಬಲ ಪದರದ ಮೇಲೆ ಗಾಳಿ ತಂದೊಟ್ಟಿದ ಅಥವಾ ಹೊಸದಾಗಿ ಬಿದ್ದ ಹಿಮ ಒಂದೇ ಹಾಸಾಗಿ ಕೂತಿರುತ್ತದೆ, ಒಬ್ಬರ ಭಾರಕ್ಕೆ ಆ ಪದರ ಮುರಿದರೆ ಬಿರುಕು ಕ್ಷಣಾರ್ಧದಲ್ಲಿ ಹರಡಿ ಇಡೀ ಹಾಸು ಜಾರುತ್ತದೆ. ಇವು ಬಹುತೇಕ 30ರಿಂದ 45 ಡಿಗ್ರಿಯ ಇಳಿಜಾರುಗಳಲ್ಲಿ ಹುಟ್ಟುತ್ತವೆ. 30 ಡಿಗ್ರಿಗಿಂತ ಕಡಿಮೆಯ ನೆಲದಲ್ಲಿದ್ದರೂ ತಲೆಯ ಮೇಲೆ ಕಡಿದಾದ ಇಳಿಜಾರು ಇದ್ದರೆ ನೀವು ಸುರಕ್ಷಿತರಲ್ಲ.

ಜೊತೆಗೆ, ಪ್ರತಿದಿನದ ಹಿಮಕುಸಿತ ಮುನ್ಸೂಚನೆಯನ್ನು ಪೂರ್ತಿ ಓದುವ ಅಭ್ಯಾಸ ಮಾಡಿಕೊಳ್ಳಿ. ಅಪಾಯದ ಮಾಪಕದಲ್ಲಿ ಐದು ಹಂತಗಳಿವೆ. ಮೂರನೆಯದು ಮಧ್ಯದಲ್ಲಿದೆ ಎಂಬ ಕಾರಣಕ್ಕೆ ಅದನ್ನು ಸಾಧಾರಣವೆಂದು ಭಾವಿಸಬಾರದು; ಮನುಷ್ಯರ ಭಾರಕ್ಕೇ ಹಿಮ ಕುಸಿಯುವ ಸಂಭವ ಹೆಚ್ಚಿರುವ ಹಂತವದು, ಬಹಳಷ್ಟು ಸಾವುಗಳು ಸಂಭವಿಸುವುದೂ ಅಲ್ಲಿಯೇ.

ಉತ್ತರ 2
ವಿಡಿಯೊ ನೋಡಿದರೆ ಸಾಕೆಂಬ ಭಾವನೆಯನ್ನು ಬಿಡಬೇಕೆಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ಹಿಮದಡಿ ಪೂರ್ಣವಾಗಿ ಹೂತವರನ್ನು ಮೊದಲ ಹತ್ತು ನಿಮಿಷಗಳೊಳಗೆ ಹೊರತೆಗೆದರೆ ಹೆಚ್ಚಿನವರು ಬದುಕುತ್ತಾರೆ. ಅರ್ಧ ಗಂಟೆ ಕಳೆದರೆ ಬದುಕುವವರೇ ಕಡಿಮೆ. ರಕ್ಷಣಾ ತಂಡ ಅಷ್ಟರೊಳಗೆ ಬರುವುದು ಅಪರೂಪವಾದ್ದರಿಂದ ನಿಮ್ಮನ್ನು ಉಳಿಸಬೇಕಾದವರು ಆ ಇಬ್ಬರು ಗೆಳೆಯರೇ. ಅಭ್ಯಾಸಕ್ಕಾಗಿ ಒಬ್ಬರು ಟ್ರಾನ್ಸೀವರನ್ನು ಚೀಲದಲ್ಲಿಟ್ಟು ಹೂಳಲಿ, ಉಳಿದವರು ಗಡಿಯಾರ ಹಿಡಿದು ಹುಡುಕಲಿ. ಮೊಬೈಲ್ ಫೋನ್ ಸಂಕೇತಕ್ಕೆ ಅಡ್ಡಿಯಾಗುವುದರಿಂದ ಸಾಮಾನ್ಯವಾಗಿ ಅದನ್ನು 20 ಸೆಂಟಿಮೀಟರ್, ಹುಡುಕುವಾಗ 50 ಸೆಂಟಿಮೀಟರ್ ದೂರವಿಡಬೇಕು. ಪ್ರೋಬ್ ದೇಹಕ್ಕೆ ತಗುಲಿದ ಮೇಲೆ ಅದನ್ನು ಕೀಳದೆ, ಇಳಿಜಾರಿನ ಕೆಳಬದಿಯಿಂದ ಅಗೆಯುತ್ತಾ ಒಳಗೆ ಹೋಗಬೇಕು. ಹೆಚ್ಚು ಸಮಯ ನುಂಗುವುದು ಹುಡುಕಾಟವಲ್ಲ, ಅಗೆತ.

ಸ್ಪ್ಲಿಟ್‌ಬೋರ್ಡಿನವರು ಇನ್ನೊಂದನ್ನು ಯೋಚಿಸಬೇಕು. ಬೂಟನ್ನು ಹಿಡಿದಿಡುವ ಸ್ಕೀ ಬೈಂಡಿಂಗಿನಂತೆ ನಿಮ್ಮ ಬೈಂಡಿಂಗ್ ತಾನಾಗಿ ಬಿಡಿಸಿಕೊಳ್ಳುವುದಿಲ್ಲ. ಬೋರ್ಡನ್ನು ಬೇರ್ಪಡಿಸಿ ಮತ್ತೆ ಹತ್ತಲು ಸಿದ್ಧವಾಗಲು ಸಮಯವೂ ಹಿಡಿಯುತ್ತದೆ. ಆದ್ದರಿಂದ ಜೋಡಿಸುವ, ಬೇರ್ಪಡಿಸುವ ಕೆಲಸವನ್ನು ಹಿಮ ಹರಿದುಬರುವ ದಾರಿಯಿಂದ ದೂರವೇ ಮಾಡಿ. ಒಬ್ಬೊಬ್ಬರಾಗಿ ಇಳಿಯಿರಿ, ಮೇಲೆ ಒಬ್ಬರಾದರೂ ಉಳಿದಿರಲಿ. ಕೆಳಗಿನಿಂದ ಹತ್ತಿ ಬರುವುದಕ್ಕಿಂತ ಮೇಲಿನಿಂದ ಇಳಿದು ತಲುಪುವುದು ಬೇಗ.

ಉತ್ತರ 3
ಮೇಲಿನ ಎರಡನ್ನೂ ಒಪ್ಪುತ್ತೇನೆ, ಆದರೆ ನಾನು ಎಡವಿದ್ದು ಬೇರೆಡೆ. ಪ್ರಾಣಾಪಾಯದ ಬಹುಪಾಲು ಕುಸಿತಗಳನ್ನು ಬಲಿಯಾದವರು ಅಥವಾ ಅವರ ತಂಡದವರೇ ಕೆರಳಿಸಿರುತ್ತಾರೆ. ಒಮ್ಮೆ ನಿಚ್ಚಳ ಬಿಸಿಲಿನ ದಿನ, ಬೇರೆಯವರ ಇಳಿದ ಗುರುತುಗಳಿದ್ದ ಇಳಿಜಾರಿನ ಬುಡದಲ್ಲಿ ಕಾಲಡಿಯ ಹಿಮ ಗುಮ್ಮೆಂದು ಕುಸಿದು ಕೂತಿತು. ಅದು ದುರ್ಬಲ ಪದರ ಮುರಿದ ಸದ್ದೆಂದು ನನಗೆ ಗೊತ್ತಿತ್ತು. ಜೊತೆಯಲ್ಲಿದ್ದವರು ನನಗಿಂತ ಅನುಭವಿಗಳೆಂಬ ಸಂಕೋಚದಿಂದ ಬಾಯಿ ಬಿಡಲಿಲ್ಲ. ಅಂದು ಏನೂ ಆಗಲಿಲ್ಲ, ನಾವು ಸರಿಯಾಗಿ ನಿರ್ಧರಿಸಿದೆವೆಂದು ಅದರರ್ಥವಲ್ಲ. ಈಗ ನಮ್ಮ ತಂಡದಲ್ಲಿ ಯಾರೇ ‘ಬೇಡ’ ಎಂದರೂ ಕಾರಣ ಕೇಳದೆ ಹಿಂತಿರುಗುತ್ತೇವೆ, ಚರ್ಚೆ ಕೆಳಗಿಳಿದ ಮೇಲೆ.

ಪ್ರಶ್ನೆ ಕೇಳಿದವರು
ಎಲ್ಲರಿಗೂ ಕೃತಜ್ಞತೆಗಳು. ತರಬೇತಿಗೆ ನಾನೊಬ್ಬನೇ ಸೇರುವುದೆಂದುಕೊಂಡಿದ್ದೆ; ಹೂತುಹೋದವನು ನಾನಾದರೆ ನನ್ನ ಕಲಿಕೆಯಿಂದ ಪ್ರಯೋಜನವಿಲ್ಲವೆಂಬುದು ಈಗ ಹೊಳೆಯಿತು. ಮೂವರೂ ಸೇರುತ್ತೇವೆ. ಅಲ್ಲಿಯವರೆಗೆ, ಮೇಲ್ಗಡೆ ಕಡಿದಾದ ಇಳಿಜಾರಿಲ್ಲದ 25 ಡಿಗ್ರಿಯೊಳಗಿನ ನೆಲದಲ್ಲಷ್ಟೇ ಓಡಾಡುತ್ತೇವೆ.