‘ಬುದ್ಧಿವಾದ’, ‘ಕೌನ್ಸೆಲಿಂಗ್’, ‘ಆಪ್ತಸಮಾಲೋಚನೆ’: ವೀಕ್ಷಣಾಲಯದ ವರದಿಗೆ ಯಾವ ಪದ?

ಪ್ರಶ್ನೆ: ವೀಕ್ಷಣಾಲಯದಲ್ಲಿರುವ (ಅಪರಾಧದ ಆರೋಪ ಹೊತ್ತ ಮಕ್ಕಳನ್ನು ವಿಚಾರಣೆಯ ಅವಧಿಯಲ್ಲಿ ಇರಿಸುವ ಮನೆ) ಶಾಲಾ ಮಕ್ಕಳ ವರದಿಗಳಲ್ಲಿ ಒಬ್ಬರು ‘ಬುದ್ಧಿವಾದ ಹೇಳಲಾಯಿತು’ ಎಂದು ಬರೆದರೆ ಇನ್ನೊಬ್ಬರು ‘ಕೌನ್ಸೆಲಿಂಗ್ ಮಾಡಲಾಯಿತು’ ಎನ್ನುತ್ತಾರೆ. ಎರಡೂ ಒಂದೇ ತಾನೇ? ಈ ಮಕ್ಕಳನ್ನು ‘ಬಾಲಾಪರಾಧಿ’ ಎನ್ನಬಹುದೇ?

ಉತ್ತರ: ಖಂಡಿತ ಒಂದೇ ಅಲ್ಲ. 2015ರ ಬಾಲನ್ಯಾಯ ಕಾಯ್ದೆಯ 18ನೇ ಕಲಂ ಇವನ್ನು ಬೇರೆಬೇರೆಯಾಗಿಯೇ ಎಣಿಸುತ್ತದೆ. ಬುದ್ಧಿವಾದ ಇಲ್ಲವೇ ಎಚ್ಚರಿಕೆ ಹೇಳಿ ಮನೆಗೆ ಕಳಿಸುವುದು, ಇಂಥ ಪ್ರಕರಣಗಳನ್ನು ವಿಚಾರಿಸುವ ಬಾಲನ್ಯಾಯ ಮಂಡಳಿಯ ಅಧಿಕಾರ. ಅದರ ಜೊತೆಗೆ ಮಗುವಿಗೂ ತಂದೆತಾಯಿಗೂ ಆಗಬೇಕಾದದ್ದು ಆಪ್ತಸಮಾಲೋಚನೆ, ಅಂದರೆ ಕೌನ್ಸೆಲಿಂಗ್. ಬುದ್ಧಿವಾದದಲ್ಲಿ ಹಿರಿಯರು ಹೇಳುತ್ತಾರೆ, ಮಗು ತಲೆ ತಗ್ಗಿಸಿ ಕೇಳುತ್ತದೆ. ಸಮಾಲೋಚನೆಯಲ್ಲಿ ಹೆಚ್ಚು ಮಾತಾಡಬೇಕಾದದ್ದು ಮಗುವೇ. ವರದಿಯಲ್ಲಿ ‘ಬುದ್ಧಿವಾದ’ ಎಂದಿದ್ದರೆ, ಮಗುವಿನ ಮಾತನ್ನು ಯಾರಾದರೂ ಕೇಳಿಸಿಕೊಂಡರೋ ಇಲ್ಲವೋ ಓದಿದವರಿಗೆ ಗೊತ್ತಾಗುವುದಿಲ್ಲ.

‘ಕೌನ್ಸೆಲಿಂಗ್’ಗೆ ಬೇರೆ ತೊಡಕಿದೆ. ನಮ್ಮಲ್ಲಿ ಪೋಷಕರಿಗೆ ಅದು ಸಿಇಟಿ ಸೀಟು ಹಂಚಿಕೆ, ಮೇಷ್ಟರಿಗೆ ವರ್ಗಾವಣೆ. ಬರೀ ‘ಸಮಾಲೋಚನೆ’ ಎಂದರೆ ಇಲಾಖೆಯ ಸಭೆಯೂ ಆಗಬಹುದು. ‘ಆಪ್ತ’ ಸೇರಿದಾಗ ಆ ಗೊಂದಲ ಇರುವುದಿಲ್ಲ. ಹಿಂದಿಯಿಂದ ಅನುವಾದಿಸುವವರು ಎಚ್ಚರವಹಿಸಬೇಕು: ಅಲ್ಲಿ ‘ಸಮಾಲೋಚನಾ’ ಎಂದರೆ ವಿಮರ್ಶೆ, ನಮ್ಮ ಆಪ್ತಸಮಾಲೋಚನೆಗೆ ಅವರು ಬಳಸುವುದು ‘ಪರಾಮರ್ಶ್’.

ನಾಮಪದಕ್ಕಿಂತ ಹೆಚ್ಚು ಹಾನಿ ಮಾಡುವುದು ಕ್ರಿಯಾಪದ. ‘ಹುಡುಗ ತಪ್ಪೊಪ್ಪಿಕೊಂಡ’ ಎಂದು ಸಮಾಲೋಚಕರು ಬರೆದರೆ ಅದು ತಪ್ಪೊಪ್ಪಿಗೆಯ ಹೇಳಿಕೆಯಂತೆ ಓದಿಸಿಕೊಳ್ಳುತ್ತದೆ. ವಿಚಾರಣೆ ಇನ್ನೂ ಮುಗಿದಿರುವುದಿಲ್ಲ. ‘ಹೇಳಿದ’ ಸಾಕು. ‘ಮೊಂಡುತನ ತೋರಿದ’ ಎಂದು ತೀರ್ಪು ಕೊಡುವ ಬದಲು ಕಂಡದ್ದನ್ನೇ ಬರೆಯಿರಿ: ‘ಮೂರು ಪ್ರಶ್ನೆಗಳಿಗೆ ಉತ್ತರಿಸಲಿಲ್ಲ, ಶಾಲೆಯ ಮಾತು ಬಂದಾಗ ಎದ್ದುಹೋದ.’ ಪರಿವೀಕ್ಷಣಾಧಿಕಾರಿಗೆ (ಪ್ರೊಬೇಷನ್ ಆಫೀಸರ್) ಮಗುವಿನ ಹಿನ್ನೆಲೆ ಕುರಿತ ಸಾಮಾಜಿಕ ತನಿಖಾ ವರದಿಯನ್ನು ಮಂಡಳಿಗೆ ಕೊಡಲು ಇರುವುದು 15 ದಿನ. ಆ ಅವಸರದಲ್ಲಿ ಸಮಾಲೋಚಕರ ಟಿಪ್ಪಣಿಯ ಒಂದು ಪದ ಹಾಗೇ ನಕಲಾಗಿ ಮಂಡಳಿಯ ಮೇಜಿಗೆ ಹೋಗಬಹುದು.

‘ಬಾಲಾಪರಾಧಿ’ ಬೇಡವೇ ಬೇಡ. ಆಪಾದಿಸುವ ಪದಗಳನ್ನು ಮಕ್ಕಳ ವಿಷಯದಲ್ಲಿ ಬಳಸಕೂಡದೆಂಬುದು ಕಾಯ್ದೆಯ 3ನೇ ಕಲಮಿನಲ್ಲಿರುವ ತತ್ವ. ‘ಕಾನೂನಿನೊಂದಿಗೆ ಸಂಘರ್ಷಕ್ಕೊಳಗಾದ ಮಗು’ ಎಂಬುದು ಉದ್ದವಾಯಿತು, ನಿಜ. ವರದಿಯ ಮೊದಲಲ್ಲಿ ಒಮ್ಮೆ ಬರೆದು ಮುಂದೆ ‘ಮಗು’ ಎನ್ನಿ. ಹದಿನೇಳರ ಹುಡುಗನಿಗೆ ‘ಮಗು’ ಕಿವಿಗೆ ಒಗ್ಗದಿದ್ದರೆ, ಓದಿನ ಕುರಿತ ಟಿಪ್ಪಣಿಯಲ್ಲಿ ‘ವಿದ್ಯಾರ್ಥಿ’ ಎನ್ನಿ. ಅಲ್ಲಿ ಅವನು ವಿದ್ಯಾರ್ಥಿಯೇ.

ಇನ್ನೊಂದು ಮಾತು: ವೀಕ್ಷಣಾಲಯವನ್ನು ‘ಬಾಲಮಂದಿರ’ ಎಂದು ಬರೆಯಬೇಡಿ. ಬಾಲಮಂದಿರ ಇರುವುದು ಪಾಲನೆ, ರಕ್ಷಣೆ ಬೇಕಾದ ಮಕ್ಕಳಿಗೆ; ಅವರು ಅಲ್ಲಿಗೆ ಬರುವುದು ಮಕ್ಕಳ ಕಲ್ಯಾಣ ಸಮಿತಿಯ ಮೂಲಕ.